ಟಿಕ್ ಹೊಡೆದರೆ ಕನ್ನಡ ಬಂದೀತೆ?

ಕನ್ನಡದ ಯುವಕ ಯುವತಿಯರೇ,

ಕಳೆದ ನವೆಂಬರಿನಲ್ಲಿ ಕಾಲೇಜು ಹುಡುಗರ ಗುಂಪೊಂದು ರಾಜ್ಯೋತ್ಸವದ ಬ್ಯಾನರ್ ಮಾಡಿಸಲು ನಮ್ಮ ಪ್ರೆಸ್ಸಿಗೆ ಬಂತು. ಕೊರಳಲ್ಲಿ ಹಳದಿ-ಕೆಂಪು ಶಾಲು, ಬಾಯಲ್ಲಿ ಜೈಕಾರ. ಬರೆದು ತಂದ ಚೀಟಿಯಲ್ಲಿ ಮಾತ್ರ ‘ಸರ್ವರಿಗೂ ಆರ್ಥಿಕ ಸ್ವಾಗತ’, ‘ರಾಜ್ಯೋತ್ಸವದ ಶುಭಾಷಯಗಳು’! ಎಲ್ಲರೂ ಮೊದಲ ವರ್ಷದ ಕನ್ನಡ ಪತ್ರಿಕೆ ಪಾಸು ಮಾಡಿದವರೇ. ‘ಹಾರ್ದಿಕ’, ‘ಶುಭಾಶಯ’ ಎಂದು ತಿದ್ದಿಕೊಟ್ಟೆ. ನಗಬೇಡಿ. ತಪ್ಪು ಹುಡುಗರದೊಂದೇ ಅಲ್ಲ.

ಕಾಲೇಜಿನ ಕನ್ನಡ ತರಗತಿ ಬರವಣಿಗೆ ಕಲಿಸುತ್ತದೆಯೇ? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮನ್ನೇ ನೋಡಿ. ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ‘ಸಾಂಸ್ಕೃತಿಕ ಕನ್ನಡ’, ಕನ್ನಡ ಬಾರದವರಿಗೆ ‘ಬಳಕೆ ಕನ್ನಡ’ ಇಟ್ಟರು. ಇಟ್ಟದ್ದು ಒಳ್ಳೆಯದೇ. ಆದರೆ ವಾರಕ್ಕೆ 1 ಗಂಟೆ, 1 ಕ್ರೆಡಿಟ್. ಕೊನೆಯ ಪರೀಕ್ಷೆ ಬಹು ಆಯ್ಕೆಯ ಪ್ರಶ್ನೆಗಳದು. ಆ ಪರೀಕ್ಷೆಯಲ್ಲಿ ಒಂದೇ ಒಂದು ವಾಕ್ಯ ಬರೆಯಬೇಕಿಲ್ಲ! ದಡದಲ್ಲಿ ಕೂರಿಸಿ ಈಜು ಕಲಿಸಿದ ಹಾಗಾಯಿತು. ಬಿ.ಎ., ಬಿ.ಕಾಂ.ನವರು ಪುಟಗಟ್ಟಲೆ ಬರೆಯುತ್ತಾರೆ, ನಿಜ. ಆದರೆ ಅದೆಷ್ಟು ಸ್ವಂತದ್ದು, ಎಷ್ಟು ಗೈಡಿನದು? ಬರೆದದ್ದನ್ನು ತಿದ್ದಿ, ‘ಇಲ್ಲಿ ಎಡವಿದ್ದೀಯ’ ಎಂದು ಹೇಳುವವರು ಎಷ್ಟು ಮಂದಿ?

ನಾನು ಓದಿದ್ದು ಪಿಯುಸಿ. ಪ್ರೆಸ್ಸಿಗೆ ಬಂದಾಗ ನನ್ನ ಕನ್ನಡವೂ ಇದೇ ಪಾಡಿನದು. ಕಲಿಸಿದ್ದು ಹಳೆಯ ಪ್ರೂಫ್ ರೀಡರೊಬ್ಬರ ಕೆಂಪು ಶಾಯಿ. ಮೊದಲ ಪ್ರೂಫಿನಲ್ಲಿ ಮೂವತ್ತು ಗುರುತು, ಎರಡನೆಯದರಲ್ಲಿ ಹತ್ತು, ಮೂರನೆಯದರಲ್ಲಿ ಎರಡು. ಬೈಯಲಿಲ್ಲ, ತಿದ್ದಿದರು, ಮತ್ತೆ ಮಾಡಿಸಿದರು. ಬರವಣಿಗೆ ಬರುವುದು ಹೀಗೆಯೇ ಹೊರತು ಅಂಕಪಟ್ಟಿಯಿಂದಲ್ಲ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. 2021ರಲ್ಲಿ ಸರ್ಕಾರ ಪದವಿಗೆ ಕನ್ನಡ ಕಡ್ಡಾಯವೆಂದು ಆದೇಶಿಸಿದಾಗ ಕುಣಿದೆವು, ಅದು ಹೈಕೋರ್ಟ್ ಮೆಟ್ಟಿಲೇರಿದಾಗ ಕೂಗಾಡಿದೆವು. ಕನ್ನಡ ಇರಬೇಕು ಎಂದೆವೇ ಹೊರತು, ತರಗತಿಯೊಳಗೆ ಹೇಗಿರಬೇಕು ಎಂದು ಕೇಳಲೇ ಇಲ್ಲ!

ಈಗ ಕೇಳಿ. ನಿಮ್ಮ ಪ್ರಾಂಶುಪಾಲರ ಮುಂದೆ ನಿಂತು ಕೇಳಿ: ವಾರಕ್ಕೊಂದು ಪುಟ ಸ್ವಂತ ಬರಹ, ಅದಕ್ಕೆ ಮೇಷ್ಟರ ತಿದ್ದುಪಡಿ, ಮತ್ತೊಮ್ಮೆ ಬರೆಯುವ ಅವಕಾಶ. ಒಬ್ಬ ಮೇಷ್ಟರಿಗೆ ನೂರಾರು ಹುಡುಗರನ್ನು ಕಟ್ಟಿದರೆ ಆಗದು. ಖಾಲಿ ಹುದ್ದೆ ತುಂಬಿಸಿ ಎಂದೂ ಕೇಳಿ. ಅಲ್ಲಿಯವರೆಗೆ ಕಾಯಬೇಡಿ. ಮನೆಗೊಂದು ಕಾಗದ ಬರೆಯಿರಿ, ಬಸ್ ಬಾರದ್ದಕ್ಕೆ ಡಿಪೋಗೆ ದೂರು ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ತಪ್ಪಾದರೆ ಆಗಲಿ, ತಿದ್ದಬಹುದು. ಬರೆಯದ ಹಾಳೆಯನ್ನು ಯಾವ ಪ್ರೂಫ್ ರೀಡರೂ ತಿದ್ದಲಾರ.

ಸಿರಿಗನ್ನಡಂ ಗೆಲ್ಗೆ!