ಕಥೆಯಲ್ಲಿ ಅಜ್ಜ ಸಾಯಬಾರದೇ?



ಅಜ್ಜ ಅಜ್ಜಿ ಸತ್ತಾಗ ಮನೆಯ ಮಕ್ಕಳಿಗೆ ಏನಾಗುತ್ತದೆ ಎಂದು ನೇರವಾಗಿ ಹೇಳುವ ಕಥೆಗಳು ನಮಗೆ ಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಓದಿದ ಕಥೆಗಳಲ್ಲಿ ಅಜ್ಜಿ ಕಥೆ ಹೇಳುತ್ತಾಳೆ, ಅಜ್ಜ ಮೀಸೆ ತಿರುವುತ್ತಾನೆ, ಕೊನೆಯ ಪುಟದವರೆಗೂ ಇಬ್ಬರೂ ಗಟ್ಟಿಮುಟ್ಟಾಗೇ ಇರುತ್ತಾರೆ. ಮನೇಲಿ ಹಾಗೆ ಇರಲ್ಲವಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಅಜ್ಜ ತೀರಿಕೊಂಡರು. ೫ ವರ್ಷದ ನನ್ನ ತಮ್ಮನಿಗೆ ದೊಡ್ಡವರು 'ಅಜ್ಜ ಹಾಸನಕ್ಕೆ ಹೋಗಿದಾರೆ, ಬರ್ತಾರೆ' ಅಂದರು. ಅವನು ಅಳಬಾರದು ಅಂತ ಹಾಗೆ ಹೇಳಿದ್ದು. ಆದರೆ ಅವನು ದಿನಾ ಸಾಯಂಕಾಲ ಬಸ್ಸಿನ ಸದ್ದು ಕೇಳಿದ ಕೂಡಲೇ ಅಜ್ಜನ ಗೊರಬು ಎಳಕೊಂಡು ರಸ್ತೆಗೆ ಓಡುತ್ತಿದ್ದ. ಗೊರಬು ಬಿಟ್ಟು ಹೋಗಿದಾರೆ, ನೆನೀತಾರೆ ಅಂತ ಅವನ ಚಿಂತೆ. ೧೧ನೇ ದಿನ ತಿಥಿಗೆ ಎಡೆ ಇಟ್ಟಾಗ 'ಅಜ್ಜ ಬರೋಕೆ ಮುಂಚೆ ಯಾಕೆ ಬಡಿಸಿದ್ರಿ?' ಎಂದು ಕೇಳಿದ. ಯಾರೂ ಮಾತಾಡಲಿಲ್ಲ. ಕಡೆಗೆ ನಾನೇ ಹಿತ್ತಿಲಿಗೆ ಕರೆದುಕೊಂಡು ಹೋಗಿ, ಅಜ್ಜ ಸತ್ತಿದಾರೆ, ಇನ್ನು ಬರಲ್ಲ ಅಂದೆ. ಬಹಳ ಅತ್ತ. ಆಮೇಲೆ ರಸ್ತೆಗೆ ಓಡುವುದನ್ನು ಬಿಟ್ಟ.

ಚಿಕ್ಕವರಿಗೆ ಸಾವಿನ ಮಾತು ಬೇಡ ಎಂದು ಕೆಲವರು ಹೇಳಬಹುದು. ನಮ್ಮ ಸಕಲೇಶಪುರ, ಆಲೂರು ಕಡೆ ತೋಟಕ್ಕೆ ಆನೆ ಬಂದರೆ 'ಒಬ್ಬೊಬ್ಬರೇ ಹೋಗಬೇಡಿ, ತುಳಿದು ಸಾಯಿಸುತ್ತೆ' ಅಂತ ೧ನೇ ತರಗತಿಯವರಿಗೂ ಹೇಳುತ್ತಾರೆ. ಆಗ ಇಲ್ಲದ ಸಂಕೋಚ ಅಜ್ಜನ ವಿಷಯಕ್ಕೆ ಯಾಕೆ?

ಗೋವಿನ ಹಾಡು ನಮಗೆಲ್ಲ ಬಾಯಿಪಾಠ. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತು ಉಳಿಸಿಕೊಂಡಿತು ಎಂದು ಎಲ್ಲರೂ ಹೊಗಳುತ್ತೇವೆ. ಆದರೆ ಅದು ಕರುವಿಗೂ ಸತ್ಯ ಹೇಳಿತಲ್ಲ! 'ಮೇಯೋಕೆ ಹೋಗಿ ಬರ್ತೀನಿ' ಅಂದು ತಪ್ಪಿಸಿಕೊಳ್ಳಬಹುದಿತ್ತು. ಹಾಗೆ ಮಾಡದೆ, ಹುಲಿಯ ಬಳಿಗೆ ಹೋಗುತ್ತೇನೆ ಎಂದೇ ತಿಳಿಸಿತು. ಸತ್ಯ ಹೇಳಿ ಸುಮ್ಮನೆ ಬಿಡಲೂ ಇಲ್ಲ, ಉಳಿದ ಹಸುಗಳಿಗೆ ಕರುವನ್ನು ಒಪ್ಪಿಸಿತು. ನನಗೆ ಹುಲಿ ಹಾರಿ ಸಾಯುವ ಜಾಗಕ್ಕಿಂತ ಇದೇ ದೊಡ್ಡದು ಅನ್ನಿಸುತ್ತೆ.

ಪ್ರೇಮಚಂದರ 'ಈದ್ಗಾ' ಕಥೆಯ ಹಮೀದನಿಗೆ ಅಪ್ಪ ಅಮ್ಮ ಇಲ್ಲ. ಅಪ್ಪ ದುಡಿಯೋಕೆ ಹೋಗಿದಾನೆ, ಅಮ್ಮ ಅಲ್ಲಾಹನ ಮನೆಯಿಂದ ಒಳ್ಳೊಳ್ಳೆ ಸಾಮಾನು ತರೋಕೆ ಹೋಗಿದಾಳೆ ಅಂತ ನಂಬಿ ಅವನು ಖುಷಿಯಾಗಿರುತ್ತಾನೆ. ಕಥೆ ತುಂಬಾ ಚೆನ್ನಾಗಿದೆ. ಅಜ್ಜಿಯ ಕೈ ಸುಡಬಾರದು ಅಂತ ಇಕ್ಕಳ ತರುವ ಹುಡುಗನನ್ನು ಯಾರು ತಾನೇ ಮರೆಯುತ್ತಾರೆ! ಆದರೆ ಅಜ್ಜಿ ಅಮೀನಾನೂ ಒಂದು ದಿನ ಸಾಯುತ್ತಾಳೆ. ಆಗ ಹಮೀದ ಇನ್ಯಾವ ಸಾಮಾನಿಗೆ ಕಾಯಬೇಕು?

ಡೆನ್ಮಾರ್ಕ್ ದೇಶದ ಆಂಡರ್ಸನ್ ೧೮೪೫ರಲ್ಲಿ ಬರೆದ ಬೆಂಕಿಕಡ್ಡಿ ಮಾರುವ ಹುಡುಗಿಯ ಕಥೆಯಲ್ಲಿ ಸತ್ತ ಅಜ್ಜಿ ಕಡ್ಡಿಯ ಬೆಳಕಿನಲ್ಲಿ ಕಾಣುತ್ತಾಳೆ. ಹುಡುಗಿಯೂ ಚಳಿಯಲ್ಲಿ ಸತ್ತು ಅಜ್ಜಿಯ ಜೊತೆಗೇ ಹೋಗುತ್ತಾಳೆ. ಓದಿದರೆ ಅಳು ಬರುತ್ತೆ, ಆದರೂ ನನಗೆ ಅದು ಅಷ್ಟು ಹಿಡಿಸಲಿಲ್ಲ. ನಾವು ಅಜ್ಜಿಯ ಹಿಂದೆ ಹೋಗೋಕಾಗಲ್ಲ, ಬೆಳಿಗ್ಗೆ ಎದ್ದು ಶಾಲೆಗೆ ಬಂದು ಮಗ್ಗಿ ಒಪ್ಪಿಸಬೇಕು.

ಮುಂದಿನ ಸಂಚಿಕೆಗೆ ನಿಮ್ಮಲ್ಲಿ ಯಾರಾದರೂ ಇಂಥ ಒಂದು ಕಥೆ ಬರೆಯಿರಿ. ಅಜ್ಜನನ್ನು ನಕ್ಷತ್ರ ಮಾಡಬೇಡಿ, ಹಾಸನಕ್ಕೂ ಕಳಿಸಬೇಡಿ. ೧೧ನೇ ದಿನ ನೆಂಟರೆಲ್ಲ ಉಂಡು ಹೋದ ಮೇಲೆ, ೧೨ನೇ ದಿನ ಆ ಮನೆಯ ಹುಡುಗ ಏನು ಮಾಡಿದ ಅನ್ನೋದನ್ನು ಬರೆಯಿರಿ.

— ೭ನೇ ತರಗತಿ, ಬೆಳಗೋಡು