ಗೃಹವಿಚಾರ: ಮೀಟರು ನುಡಿದ ಸಾಕ್ಷ್ಯ

ಮನೆಯ ವೆಚ್ಚವು ಹೆಚ್ಚಿದಾಗ ಕಾರಣವನ್ನು ಹುಡುಕುವುದಕ್ಕೆ ಮೊದಲೇ ಅಪರಾಧಿಯನ್ನು ಹುಡುಕುವುದು ಹಿರಿಯರೆನಿಸಿಕೊಂಡವರ ಸ್ವಭಾವವು. ಈ ದೋಷಕ್ಕೆ ನಾನೂ ಹೊರಗಲ್ಲವೆಂಬುದನ್ನು ವಾಚಕರ ಮುಂದೆ ಒಪ್ಪಿಕೊಂಡೇ ಈ ತಿಂಗಳ ವಿಷಯಕ್ಕೆ ಬರುತ್ತೇನೆ.

ಕಳೆದ ಮೇ ತಿಂಗಳಲ್ಲಿ ರಾರಾವಿಯ ನಮ್ಮ ಮನೆಯ ವಿದ್ಯುತ್ತಿನ ಬಿಲ್ಲು 193 ಯೂನಿಟ್ಟಿಗೆ ಏರಿತು. ಅದರ ಹಿಂದಿನ ವರ್ಷ ಅದೇ ತಿಂಗಳಲ್ಲಿ 117 ಮಾತ್ರ ಇದ್ದಿತು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಂತೆ, 2022-23ರ ಸರಾಸರಿ ಬಳಕೆಗೆ ನೂರಕ್ಕೆ ಹತ್ತರಷ್ಟನ್ನು ಕೂಡಿಸಿ ನಮಗೆ ದೊರೆತ ಉಚಿತ ಮಿತಿಯು 121. ಅದನ್ನು ಮೀರಿದ 72 ಯೂನಿಟ್ಟಿಗೆ ಹಣ ತೆರಬೇಕಾಯಿತು. ಇನ್ನೆಂಟು ಯೂನಿಟ್ಟು ಹೆಚ್ಚಿ 200ರ ಗೆರೆಯನ್ನು ದಾಟಿದ್ದರೆ ಪೂರ್ತಿ ಬಿಲ್ಲೇ ನಮ್ಮ ತಲೆಯ ಮೇಲೆ ಬೀಳುತ್ತಿತ್ತು.

ನಾನು ಬಿಲ್ಲನ್ನು ಹಿಡಿದುಕೊಂಡೇ, "ಈ ವಾಷಿಂಗ್ ಮೆಷೀನು ಬಂದಂದಿನಿಂದ ಹೀಗಾಗಿದೆ" ಎಂದು ಎಲ್ಲರ ಎದುರಿಗೆ ಸೊಸೆಯನ್ನು ಆಕ್ಷೇಪಿಸಿದೆನು. ಆಕೆ ಮರುಮಾತಾಡದೆ ಮರುದಿನದಿಂದ ಮನೆಮಂದಿಯ ಬಟ್ಟೆಯನ್ನೆಲ್ಲ ಕೈಯಿಂದಲೇ ಒಗೆಯತೊಡಗಿದಳು. ನಾಲ್ಕು ದಿನಗಳಾದ ಮೇಲೆ ಹೀಗೆಂದಳು: "ಮಾವ, ಮಕ್ಕಳಿಗೆ ಲೆಕ್ಕವನ್ನೂ ತರ್ಕವನ್ನೂ ಕಲಿಸಿದವರು ನೀವು. ಮೆಷೀನು ನಿಂತು ನಾಲ್ಕು ದಿನವಾಯಿತು. ಮೀಟರಿನ ಓಟ ತಗ್ಗಿತೇ ಎಂದು ನೋಡಬಾರದೇ?"

ನೋಡಿದೆನು. ಬಿಲ್ಲಿನಲ್ಲಿ ಬರೆದ ಅಂಕಿಗಿಂತ ಮೀಟರು 25 ಯೂನಿಟ್ಟು ಮುಂದೆ ಹೋಗಿತ್ತು. ಎಂದರೆ ದಿನಕ್ಕೆ ಆರಕ್ಕೂ ಮೇಲೆ, ಮೊದಲಿನಷ್ಟೇ. ನನಗೆ ನಾಚಿಕೆಯಾಯಿತು. ನ್ಯಾಯಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕವೆಂಬ ಕ್ರಮವುಂಟು. ಯಾವುದು ಇದ್ದಾಗ ಕಾರ್ಯವು ಕಾಣುವುದೋ, ಯಾವುದು ಇಲ್ಲದಾಗ ಕಾಣದೋ, ಅದೇ ಅದರ ಕಾರಣವೆಂದು ತಿಳಿಯತಕ್ಕದ್ದು. ಬಾಯಿಪಾಠ ಹೇಳಿಸಿದ ಈ ಕ್ರಮವನ್ನು ಮನೆಯಲ್ಲಿ ಮರೆತಿದ್ದೆನು.

ಮೊದಲು ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಪ್ಲಗ್ಗುಗಳನ್ನು ಕಿತ್ತು, ಮೀಟರಿನ ಕೆಂಪು ದೀಪವನ್ನು ಗಮನಿಸಿದೆನು, ಅದು ಮಿಣುಕಲಿಲ್ಲ. ಎಲ್ಲವೂ ಆರಿರುವಾಗ ಮಿಣುಕುತ್ತಿದ್ದರೆ ತಂತಿಯಲ್ಲಿ ಎಲ್ಲಿಯೋ ವಿದ್ಯುತ್ತು ಸೋರುತ್ತಿರಬಹುದು. ಅದು ಪ್ರಾಣಕ್ಕೂ ಅಪಾಯವಾದುದರಿಂದ ಕೂಡಲೇ ಬಲ್ಲವರನ್ನು ಕರೆಯಬೇಕು.

ಸಾವಿರ ವಾಟಿನ ಉಪಕರಣವು ಒಂದು ಗಂಟೆ ನಡೆದರೆ ಒಂದು ಯೂನಿಟ್ಟು. ರಾತ್ರಿ 10ರಿಂದ ಬೆಳಗಿನ 5ರವರೆಗೆ ನಮ್ಮಲ್ಲಿ ನಡೆಯತಕ್ಕವು 75 ವಾಟಿನ ಎರಡು ಫ್ಯಾನುಗಳು ಮತ್ತು ಫ್ರಿಜ್ಜು ಮಾತ್ರ. ಫ್ಯಾನುಗಳಿಗೆ ಏಳು ಗಂಟೆಗೆ ಒಂದು ಯೂನಿಟ್ಟು ಸಲ್ಲುವುದು. ಆದರೆ ಮೂರು ರಾತ್ರಿಯೂ ಮೀಟರು ಎರಡಕ್ಕಿಂತ ತುಸು ಹೆಚ್ಚು ಓಡಿತು. ನಾಲ್ಕನೆಯ ರಾತ್ರಿ ಫ್ರಿಜ್ಜನ್ನು ಬರಿದುಮಾಡಿ ಆರಿಸಿದೆವು. ಆಗ ಓಡಿದುದು ಒಂದೇ ಯೂನಿಟ್ಟು. ದಿನಕ್ಕೆ ಒಂದು ಯೂನಿಟ್ಟಿನ ಆಸುಪಾಸಿನಲ್ಲಿ ತೃಪ್ತವಾಗಬೇಕಾದ ಆ ಪೆಟ್ಟಿಗೆಯು ಮೂರೂವರೆ ಯೂನಿಟ್ಟನ್ನು ನುಂಗುತ್ತಿತ್ತು. ತಿಂಗಳಿಗೆ ಲೆಕ್ಕಹಾಕಿದರೆ ಸುಮಾರು 75. ಹೆಚ್ಚಿದ ಯೂನಿಟ್ಟುಗಳೂ ಅಷ್ಟೇ!

ಇದಕ್ಕೆ ಕಾರಣವೇನು? ಜನವರಿಯಲ್ಲಿ ನನ್ನ ಪುಸ್ತಕದ ಬೀರುವಿಗೆ ಸ್ಥಳಮಾಡುವುದಕ್ಕಾಗಿ ಫ್ರಿಜ್ಜನ್ನು ಪಡುವಣ ಗೋಡೆಗೆ ಒತ್ತಿ ಇಡಿಸಿದವನು ನಾನೇ. ಒಳಗಿನ ಶಾಖವನ್ನು ಹೊರಗೆ ಚೆಲ್ಲುವುದೇ ಫ್ರಿಜ್ಜಿನ ಕೆಲಸ. ಚೆಲ್ಲುವುದಕ್ಕೆ ಅದರ ಹಿಂಬದಿಗೆ ಗಾಳಿ ಬೇಕು. ಹಗರಿಯ ಮರಳು ಕಾಯುವ ನಮ್ಮೂರ ಬೇಸಿಗೆಯಲ್ಲಿ ಪಡುವಣ ಗೋಡೆಯು ನಡುರಾತ್ರಿಯವರೆಗೂ ಆರುವುದಿಲ್ಲ. ಅದರ ಮೇಲೆ ಬಾಗಿಲಿನ ರಬ್ಬರು ಸಡಿಲಿತ್ತು. ಕಾಗದವೊಂದನ್ನು ಸಿಕ್ಕಿಸಿ ಬಾಗಿಲನ್ನು ಮುಚ್ಚಿ ಎಳೆದರೆ ತಡೆಯಿಲ್ಲದೆ ಬಂದಿತು. ಫ್ರಿಜ್ಜನ್ನು ಬಡಗಣ ಗೋಡೆಯ ಕಡೆಗೆ ಸರಿಸಿ, ಹಿಂದೆ ಗೇಣುದ್ದ ಜಾಗ ಬಿಟ್ಟು, ಹೊಸ ರಬ್ಬರು ಹಾಕಿಸಿದ ಮೇಲೆ ರಾತ್ರಿಯ ಓಟವು ಒಂದೂವರೆಗಿಂತ ಕೆಳಕ್ಕೆ ಇಳಿಯಿತು.

ಇತರರ ಮನೆಗಳಲ್ಲಿ ಕಾರಣವು ಬೇರೆಯಾಗಿರಬಹುದು. 1500 ವಾಟಿನ ಹೀಟರು 40 ನಿಮಿಷಕ್ಕೇ ಒಂದು ಯೂನಿಟ್ಟನ್ನು ತಿನ್ನುವುದು. ಮಾಳಿಗೆಯ ತೊಟ್ಟಿಯು ಸೋರಿದರೆ ಪಂಪು ವೃಥಾ ದುಡಿಯುವುದು. ತಣ್ಣೀರಿನಲ್ಲಿ ಒಗೆಯುವ ವಾಷಿಂಗ್ ಮೆಷೀನಿಗಾದರೋ ಒಂದು ಸಲಕ್ಕೆ ಕಾಲು ಯೂನಿಟ್ಟಿನಷ್ಟು ಸಾಕು. ನಾನು ದೂರಿದ್ದು ಇದನ್ನೇ.

ಎಲ್ಲರ ಎದುರಿಗೆ ಆಡಿದ ಮಾತನ್ನು ಎಲ್ಲರ ಎದುರಿಗೇ ಹಿಂತೆಗೆದುಕೊಂಡೆನು. ಸೊಸೆಯು ನಕ್ಕು, "ಆ ನಾಲ್ಕು ದಿನದ ಒಗೆತ ಯಾರ ಲೆಕ್ಕಕ್ಕೆ, ಮಾವ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟು: ಪ್ರತಿ ಸೋಮವಾರ ಮೀಟರಿನ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿರಿ. ಬೇಸಿಗೆಯ ಬಿಲ್ಲನ್ನು ಹಿಂದಿನ ಬೇಸಿಗೆಯ ಬಿಲ್ಲಿನೊಡನೆಯೇ ಹೋಲಿಸಿರಿ. ಒಂದೊಂದೇ ಉಪಕರಣವನ್ನು ನಿಲ್ಲಿಸಿ ಪರೀಕ್ಷಿಸಿರಿ. ಅಷ್ಟಾಗುವವರೆಗೆ ಮನೆಯವರ ಮೇಲೆ ಮಾತನ್ನು ಹೊರಿಸಬೇಡಿರಿ.