ಇದು ಬೇರೆ ಕ್ಯಾಬಿನೆಟ್ ಪುನಾರಚನೆ :)

ಕ್ಯಾಬಿನೆಟ್ ಅಂದ ಕೂಡಲೇ ವಿಧಾನಸೌಧ, ಖಾತೆ ಹಂಚಿಕೆ, ಭಿನ್ನಮತ ಎಲ್ಲ ನೆನಪಾಗೋದು ನಮಗೆ ಸಹಜ. ನಾನು ಹೇಳ ಹೊರಟಿರೋದು ಅದಲ್ಲ. ವೇದಿಕೆ ಮೇಲೆ ಬೇಸ್ ಗಿಟಾರ್ ನುಡಿಸುವವನ ಹಿಂದೆ ಕಪ್ಪಗೆ ಒಂದು ದೊಡ್ಡ ಸ್ಪೀಕರ್ ಪೆಟ್ಟಿಗೆ ಕೂತಿರುತ್ತಲ್ಲ, ಅದಕ್ಕೂ ಕ್ಯಾಬಿನೆಟ್ ಅಂತಲೇ ಹೆಸರು. ಅಲ್ಲೂ ಅಷ್ಟೇ, ಯಾರನ್ನ ಎಲ್ಲಿ ಕೂರಿಸ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ.

ವಾರವೆಲ್ಲ ಕೋಡ್ ಬರೆದು, ಶನಿವಾರ ಬಂತೆಂದರೆ ಬೇಸ್ ಹಿಡಿಯುವ ಜಾತಿ ನನ್ನದು. ಗಣೇಶೋತ್ಸವ, ರಾಜ್ಯೋತ್ಸವ, ಕಾಲೇಜು ಫೆಸ್ಟ್... ಎಲ್ಲಿ ಹೋದರೂ ಒಂದೇ ಕಥೆ. ಮೊದಲ ಹಾಡು ಅರ್ಧ ಮುಗಿಯೋಷ್ಟರಲ್ಲಿ ಬೇಸ್‌ನವನು ಹಿಂದಕ್ಕೆ ತಿರುಗಿ ವಾಲ್ಯೂಮ್ ಏರಿಸ್ತಾನೆ, ತನಗೇ ಕೇಳ್ತಿಲ್ಲ ಅಂತ. ಅದನ್ನ ನೋಡಿ ಗಿಟಾರ್‌ನವನು ಏರಿಸ್ತಾನೆ. ಡ್ರಮ್ಮರ್ ಇನ್ನೂ ಜೋರಾಗಿ ಬಾರಿಸ್ತಾನೆ. ಮೂರನೇ ಹಾಡಿಗೆ ಬರೋಷ್ಟರಲ್ಲಿ ಬರೀ ಗುಂಯ್ ಅನ್ನೋ ಗದ್ದಲ, ಹಾಡುತ್ತಿರುವವರ ಒಂದು ಪದವೂ ತಿಳಿಯಲ್ಲ. ನಮ್ಮ ಹಾಡುಗಳಲ್ಲಿ ಸಾಹಿತ್ಯವೇ ಕೇಳದಿದ್ದರೆ ಉಳಿಯೋದಾದರೂ ಏನು?

ನನ್ನ ವಾದ ಇಷ್ಟೇ: ಬೇಸ್ ಸಾಲದು ಅನ್ನಿಸಿದರೆ ಮೊದಲು ಪೆಟ್ಟಿಗೆ ಸರಿಸಿ, ಆಮೇಲೆ ಬೇಕಾದರೆ ಗುಂಡಿ ಮುಟ್ಟಿ.

ಈ ಪೆಟ್ಟಿಗೆ ಇರೋದು ಯಾರಿಗಾಗಿ? 1969ರಲ್ಲಿ ಆಂಪೆಗ್ ಕಂಪನಿ 300 ವ್ಯಾಟಿನ ಎಸ್‌ವಿಟಿ ಆಂಪ್ ತಂದಾಗ, ಅದರ ಜೊತೆಗಿದ್ದ ಎಂಟು ಹತ್ತಿಂಚಿನ ಸ್ಪೀಕರ್‌ಗಳ ಬೀರು ಗಾತ್ರದ ಪೆಟ್ಟಿಗೆಗೆ ಅರ್ಥವಿತ್ತು. ಆಗಿನ ಸೌಂಡ್ ಸಿಸ್ಟಮ್‌ಗಳು ಹಾಡುವ ದನಿಯನ್ನ ದಾಟಿಸುವುದರಲ್ಲೇ ಸುಸ್ತಾಗುತ್ತಿದ್ದವು, ಬೇಸ್ ತನ್ನ ದಾರಿ ತಾನೇ ನೋಡಿಕೊಳ್ಳಬೇಕಿತ್ತು. ಈಗ ಆಂಪ್‌ನಿಂದಲೋ ಡಿಐ ಬಾಕ್ಸ್‌ನಿಂದಲೋ ಒಂದು ತಂತಿ ಸೀದಾ ಮಿಕ್ಸರ್‌ಗೆ ಹೋಗುತ್ತೆ. ಜನರಿಗೆ ಬೇಸ್ ಕೇಳಿಸೋದು ಮುಂದಿನ ದೊಡ್ಡ ಸ್ಪೀಕರ್‌ಗಳ ಕೆಲಸ. ವೇದಿಕೆಯ ಪೆಟ್ಟಿಗೆ ಇರೋದು ನುಡಿಸುವವನಿಗೆ ಮತ್ತು ಡ್ರಮ್ಮರ್‌ಗೆ. ಅವರಿಬ್ಬರಿಗೆ ಚೆನ್ನಾಗಿ ಕೇಳಿಸಿದರೆ ಅದರ ಕೆಲಸ ಮುಗೀತು.

ಹಾಗಾದರೆ ನುಡಿಸುವವನಿಗೇ ಯಾಕೆ ಕೇಳಲ್ಲ? ಕಾರಣ ಸರಳ. ನಮ್ಮ ಕಿವಿ ಮೊಣಕಾಲಲ್ಲಿ ಇಲ್ಲ :) ತಗ್ಗಿನ ಸ್ವರಗಳು ಪೆಟ್ಟಿಗೆಯ ಸುತ್ತಲೂ ಹರಡುತ್ತವೆ. ಆದರೆ ಸ್ವರ ಯಾವುದು ಅಂತ ಬಿಡಿಸಿ ಹೇಳುವ ಮೇಲಿನ ಅಂಶ, ತಂತಿಗೆ ಬೆರಳು ತಾಗುವ ಸದ್ದು, ಇವೆಲ್ಲ ಟಾರ್ಚ್ ಬೆಳಕಿನ ಹಾಗೆ ಹೆಚ್ಚಾಗಿ ನೇರ ಮುಂದಕ್ಕೇ ಹೋಗುತ್ತವೆ. ನೆಲದ ಮೇಲಿಟ್ಟ ಪೆಟ್ಟಿಗೆಯಿಂದ ಅವು ನಮ್ಮ ಕಾಲಿನ ಪಕ್ಕದಲ್ಲೇ ಹಾದು ಮುಂದಿನ ಸಾಲಿನವರ ಮುಖಕ್ಕೆ ಬಡಿಯುತ್ತವೆ. ಚಿಕ್ಕ ಪೆಟ್ಟಿಗೆಯನ್ನ ಸ್ವಲ್ಪ ಹಿಂದಕ್ಕೆ ವಾಲಿಸಿ, ಇಲ್ಲವೇ ಗಟ್ಟಿ ಸ್ಟ್ಯಾಂಡ್ ಮೇಲೆ ಎತ್ತಿಡಿ. ಎರಡು ಪೆಟ್ಟಿಗೆ ಇದ್ದರೆ ಪಕ್ಕಪಕ್ಕ ಇಡಬೇಡಿ, ಒಂದರ ಮೇಲೊಂದು ಇಡಿ. ಮೇಲಿನದು ಕಿವಿಗೆ ಹತ್ತಿರ ಬರುತ್ತೆ, ಸದ್ದು ಅಡ್ಡಡ್ಡಲಾಗಿ ಸಮನಾಗಿ ಹರಡುತ್ತೆ. ಬೀಳದ ಹಾಗೆ ಬೆಲ್ಟ್ ಕಟ್ಟೋದು ಮರೀಬೇಡಿ.

ಇಲ್ಲೊಂದು ಪುರಾಣವೂ ಇದೆ. "ಬೇಸ್ ಅಲೆ ಉದ್ದ ಕಣಯ್ಯಾ, ಅದು ಬೆಳೆಯೋಕೆ ಇಪ್ಪತ್ತೈದು ಅಡಿ ಜಾಗ ಬೇಕು, ಅದಕ್ಕೇ ಹತ್ತಿರ ನಿಂತರೆ ಕೇಳಲ್ಲ" ಅಂತ ಹಿರಿಯ ವಾದಕರು ಹೇಳ್ತಾರೆ. ಬೇಸ್‌ನ ದಪ್ಪ ಇ ತಂತಿಯ ಸ್ವರ ಸುಮಾರು 41 ಹರ್ಟ್ಜ್, ಅದರ ಅಲೆ 8 ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅನ್ನೋದು ನಿಜ. ಆದರೆ ಕಿವಿಗೆ ಅಂಟಿದ ಹೆಡ್‌ಫೋನ್‌ನಲ್ಲೂ ಅದೇ ಸ್ವರ ಕೇಳುತ್ತಲ್ಲ, ಅದೇನು ಇಪ್ಪತ್ತೈದು ಅಡಿ ದೂರ ಇರುತ್ತಾ? ಜಾಗದಿಂದ ಜಾಗಕ್ಕೆ ಬೇಸ್ ಬದಲಾಗೋಕೆ ಮುಖ್ಯ ಕಾರಣ ಗೋಡೆ, ನೆಲಗಳಿಂದ ವಾಪಸ್ ಬರುವ ಅಲೆ.

ಆ ಗೋಡೆಯ ಲೆಕ್ಕ ನೋಡಿ. ಪೆಟ್ಟಿಗೆಯ ಮುಖ ಹಿಂದಿನ ಕಾಂಕ್ರೀಟ್ ಗೋಡೆಯಿಂದ ಒಂದೂವರೆ ಮೀಟರ್, ಅಂದರೆ ಸುಮಾರು 5 ಅಡಿ ದೂರ ಇದೆ ಅನ್ನಿ. ಗೋಡೆಗೆ ಹೋಗಿ ಬರುವ ಅಲೆ 3 ಮೀಟರ್ ಹೆಚ್ಚು ನಡೆದಿರುತ್ತೆ. ಎ ತಂತಿಯ ಸ್ವರ 55 ಹರ್ಟ್ಜ್, ಅದರ ಅರ್ಧ ಅಲೆ ಕೂಡ ಹೆಚ್ಚುಕಡಿಮೆ ಅಷ್ಟೇ. ಒಂದು ಏರಿದಾಗ ಇನ್ನೊಂದು ಇಳಿದು, ಎ ಸ್ವರ ಬಂದಾಗೆಲ್ಲ ಬೇಸ್ ಮಾಯ! ಪಾಪ, ಇವನು ಗುಂಡಿ ಏರಿಸ್ತಾನೆ; ಉಳಿದ ಸ್ವರಗಳೆಲ್ಲ ಕೂಗಾಡುತ್ತವೆ. ಮದುವೆ ಛತ್ರದಂಥ ಜಾಗದಲ್ಲಿ ಪೆಟ್ಟಿಗೆಯನ್ನ ಗೋಡೆಗೆ ಒತ್ತಿಡಿ. ಸದ್ದು ಕಳೆಯುವ ಬದಲು ಕೂಡುತ್ತೆ, ವಾಲ್ಯೂಮ್ ಇಳಿಸಬಹುದು. ಮೂಲೆಗೆ ಮಾತ್ರ ತಳ್ಳಬೇಡಿ, ಬೇಸ್ ಊದಿಕೊಳ್ಳುತ್ತೆ. ಶಾಮಿಯಾನದಲ್ಲಿ ಈ ಲೆಕ್ಕವೇ ಇಲ್ಲ, ಬಟ್ಟೆ ಬೇಸನ್ನ ತಡೆಯೋದೂ ಇಲ್ಲ, ವಾಪಸ್ ಕಳಿಸೋದೂ ಇಲ್ಲ.

ಇನ್ನು ಯಾರ ಪಕ್ಕ? ಡ್ರಮ್ಮರ್‌ನ ಹೈ-ಹ್ಯಾಟ್ ಕಡೆ ಇಡಿ. ಇಬ್ಬರೂ ಒಬ್ಬರ ಕೈ ಒಬ್ಬರು ನೋಡಬಹುದು, ಒಂದೇ ಪೆಟ್ಟಿಗೆ ಇಬ್ಬರಿಗೂ ಸಾಕು. ಹಾಡುವವರ ಬೆನ್ನ ಹಿಂದೆ ಮಾತ್ರ ಖಂಡಿತ ಬೇಡ. ಸಾಮಾನ್ಯ ಹಾಡುವ ಮೈಕು ತನ್ನ ಮುಂದಿನದನ್ನ ಹಿಡಿಯುತ್ತೆ, ಅದರ ಮುಂದೆ ಗಾಯಕಿಯ ಮುಖ ಇದ್ದರೆ ಅವರ ಹಿಂದೆ ನಿಮ್ಮ ಪೆಟ್ಟಿಗೆ ಇರುತ್ತೆ! ಆಮೇಲೆ ಮಿಕ್ಸರ್‌ನವನು ದನಿ ಏರಿಸಿದರೆ ಬೇಸೂ ಏರುತ್ತೆ. ತಬಲಾ ಮೈಕಿಗೂ ಇದೇ ಗತಿ. ಇನ್ನು ಕೆಲವರು ನೋಡೋಕೆ ಚೆಂದ ಅಂತ ವೇದಿಕೆಯ ಎರಡೂ ತುದಿಗೆ ಒಂದೊಂದು ಪೆಟ್ಟಿಗೆ ಇಡಿಸ್ತಾರೆ. ಎರಡರಿಂದಲೂ ಇರುವ ದೂರದಲ್ಲಿ 4 ಮೀಟರ್ ವ್ಯತ್ಯಾಸ ಬರುವ ಕಡೆ ಆ ಇ ಸ್ವರ ಸೊರಗುತ್ತೆ. ಚೆಂದಕ್ಕೆ ಬಲೂನ್ ಕಟ್ಟಿ ಸ್ವಾಮಿ.

ಪ್ಲೈವುಡ್ ಹಾಸಿದ ಟೊಳ್ಳು ವೇದಿಕೆ ತಾನೇ ಒಂದು ಡೋಲು. ಅಲ್ಲಿ ಪೆಟ್ಟಿಗೆ ಕೆಳಗೆ ದಪ್ಪ ಫೋಮ್ ಹಾಕಿದರೆ ನಡುಕ ಹಲಗೆಗೆ ಇಳಿಯೋದು ಎಷ್ಟೋ ಕಡಿಮೆಯಾಗುತ್ತೆ.

"ಬೇಸ್ ಅಂದ್ರೆ ಪ್ಯಾಂಟ್ ಅಲುಗಬೇಕು ಮಗಾ" ಅನ್ನೋ ಗೆಳೆಯರಿದ್ದಾರೆ. ಒಪ್ಪಿದೆ, ನನಗೂ ಆ ಸುಖ ಗೊತ್ತು. ಆದರೆ ಆ ಸುಖದ ಜೊತೆ ಡ್ರಮ್ಸ್, ಗಿಟಾರ್ ಎಲ್ಲ ಪೈಪೋಟಿಗೆ ಬಿದ್ದಾಗ ಬಿಲ್ ಕಟ್ಟೋದು ಕಿವಿ. ಅಮೆರಿಕದ ಎನ್‌ಐಓಎಸ್‌ಎಚ್ ಸಂಸ್ಥೆಯ ಶಿಫಾರಸಿನ ಪ್ರಕಾರ ದಿನಕ್ಕೆ 8 ಗಂಟೆ ಸದ್ದಿನ ಮಿತಿ 85 ಡೆಸಿಬೆಲ್. ಪ್ರತಿ 3 ಡೆಸಿಬೆಲ್‌ಗೂ ಸಮಯ ಅರ್ಧ. 100 ಮುಟ್ಟಿದರೆ ಬರೀ 15 ನಿಮಿಷ, ಮೂರು-ನಾಲ್ಕು ಹಾಡು. ಮಗ್ಗುಲಲ್ಲೇ ಕೂತ ಡ್ರಮ್ಮರ್, ಎದುರು ಚಾಪೆ ಮೇಲೆ ಕೂತ ಮಕ್ಕಳು, ಯಾರೂ ಇದಕ್ಕೆ ಸಹಿ ಹಾಕಿಲ್ಲವಲ್ಲ.

ಇದಕ್ಕೆಲ್ಲ ದುಡ್ಡು ಬೇಡ, ಹೊಸ ಸಾಮಾನು ಬೇಡ, ಹತ್ತು ನಿಮಿಷ ಸಾಕು. ಸಂಘಟಕರೇ, ಭಾಷಣ ಒಂದು ಕಡಿಮೆ ಮಾಡಿ ಆ ಹತ್ತು ನಿಮಿಷ ಕೊಡಿ. ವಾದಕರೇ, ಒಬ್ಬರನ್ನ ಕೊನೇ ಸಾಲಿಗೆ ಕಳಿಸಿ, "ಬೇಸ್ ಕೇಳ್ತಿದೆಯಾ?" ಅಂತ ಕೇಳಬೇಡಿ, "ಹಾಡಿನ ಮಾತು ತಿಳೀತಿದೆಯಾ?" ಅಂತ ಕೇಳಿ. ಇಲ್ಲ ಅಂದರೆ ಪೆಟ್ಟಿಗೆ ಸರಿಸಿ.

ನಿಮ್ಮಲ್ಲಿ ವೇದಿಕೆ ಹತ್ತುವವರೂ ಇದ್ದೀರಿ, ಕೊನೇ ಸಾಲಲ್ಲಿ ಕೂತು ಬೈದುಕೊಳ್ಳುವವರೂ ಇದ್ದೀರಿ. ನೀವೇನಂತೀರಿ?